ಒಂದೇ ಬಿಸಿಲು, ಗಂಡಿನ ಚರ್ಮಕ್ಕೆ ಹೆಚ್ಚು ಹಾನಿ

ಚೈತ್ರ ಮಾಸ ಕಾಲಿಟ್ಟಿದೆ. ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಮುಂಜಾನೆ ಹತ್ತು ಗಂಟೆಗೇ ಬರಿಗಾಲು ಊರಲಾಗದಷ್ಟು ನೆಲ ಕಾಯುತ್ತದೆ. ಬಿಸಿಲಿನಿಂದ ಉಂಟಾಗುವ ತಲೆಸುತ್ತು, ಉರಿಮೂತ್ರ, ಬೆವರುಸಾಲೆ ಮುಂತಾದ ತೊಂದರೆಗಳು ಸದ್ಭಕ್ತರಿಗೆ ತಿಳಿದವೇ ಆಗಿವೆ. ಈ ಸಂಚಿಕೆಯಲ್ಲಿ ಬಿಸಿಲು ಮತ್ತು ಚರ್ಮದ ಅರ್ಬುದ, ಅಂದರೆ ಚರ್ಮದ ಕ್ಯಾನ್ಸರಿನ ಕುರಿತು ಬರೆಯುತ್ತಿದ್ದೇನೆ. ಅದರಲ್ಲಿಯೂ ಬಹಳ ಜನರ ಗಮನಕ್ಕೆ ಬಾರದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಒಂದೇ ಬಿಸಿಲು ಒಂದೇ ಹೊತ್ತು ಮೈಮೇಲೆ ಬಿದ್ದರೂ ಗಂಡಿನ ಚರ್ಮ ಮತ್ತು ಹೆಣ್ಣಿನ ಚರ್ಮ ಅದನ್ನು ಒಂದೇ ರೀತಿಯಲ್ಲಿ ತಾಳಿಕೊಳ್ಳುವುದಿಲ್ಲ.

ಗಂಡಸಿನ ಚರ್ಮ ಗಟ್ಟಿಯಾದದ್ದು, ಎಂಥ ಬಿಸಿಲಿಗೂ ಜಗ್ಗುವುದಿಲ್ಲ. ಹೆಂಗಸಿನದು ಕೋಮಲ, ಬೇಗ ಬಾಡುತ್ತದೆ ಎಂಬುದು ನಮ್ಮಲ್ಲಿ ರೂಢಿಯ ತಿಳಿವಳಿಕೆ. ಇದಕ್ಕೆ ಆಧಾರವಿಲ್ಲದಿಲ್ಲ. ಪುರುಷರ ಚರ್ಮ ಸ್ತ್ರೀಯರ ಚರ್ಮಕ್ಕಿಂತ ಸಾಮಾನ್ಯವಾಗಿ ದಪ್ಪವಾಗಿರುತ್ತದೆ, ಅದರಲ್ಲಿ ಜಿಡ್ಡಿನಂಶವೂ ಹೆಚ್ಚು. ಬಣ್ಣದ ಲೆಕ್ಕದಲ್ಲಿ ನೋಡಿದರೂ ಪುರುಷರಿಗೇ ಅನುಕೂಲ. ನೀನಾ ಯಾಬ್ಲೋನ್ಸ್ಕಿ ಮತ್ತು ಜಾರ್ಜ್ ಚಾಪ್ಲಿನ್ ಎಂಬ ವಿದ್ವಾಂಸರು 2000ನೆಯ ಇಸವಿಯಲ್ಲಿ ಜಗತ್ತಿನ ನಾನಾ ಜನಾಂಗಗಳ ಚರ್ಮದ ಬಣ್ಣವನ್ನು ಹೋಲಿಸಿ, ಒಂದೇ ಜನಾಂಗದೊಳಗೆ ಹೆಣ್ಣಿನ ಚರ್ಮ ಗಂಡಿನದಕ್ಕಿಂತ ತುಸು ತಿಳಿಯಾಗಿರುತ್ತದೆ ಎಂದು ತೋರಿಸಿದರು. ಬಸುರಿ ಬಾಣಂತಿಯರಿಗೆ ಸುಣ್ಣದಂಶ ಹೆಚ್ಚಾಗಿ ಬೇಕು, ಅದಕ್ಕಾಗಿ ಬಿಸಿಲಿನಿಂದ ದೊರೆಯುವ ಡಿ ಜೀವಸತ್ವ ಬೇಕು, ಆದುದರಿಂದ ಪ್ರಕೃತಿ ಹೀಗೆ ಏರ್ಪಡಿಸಿರಬಹುದು ಎಂಬುದು ಅವರ ಊಹೆ. ತೆಳು ಚರ್ಮ, ತಿಳಿ ಬಣ್ಣ ಎರಡೂ ಇರುವ ಸ್ತ್ರೀಯರಿಗೇ ಬಿಸಿಲಿನ ಕ್ಯಾನ್ಸರ್ ಹೆಚ್ಚಾಗಿ ಬರಬೇಕಿತ್ತು. ಬರುವುದು ಪುರುಷರಿಗೆ.

ವಿಷಯಕ್ಕೆ ಹೋಗುವ ಮುನ್ನ ರೋಗದ ಪರಿಚಯ ಅಗತ್ಯ. ಚರ್ಮದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಮೂರು ಬಗೆ. ಹೊರಚರ್ಮದ ತಳಭಾಗದ ಕೋಶಗಳಲ್ಲಿ ಹುಟ್ಟುವುದು ಬೇಸಲ್ ಸೆಲ್ ಕಾರ್ಸಿನೋಮಾ. ಇದು ನಿಧಾನವಾಗಿ ಬೆಳೆಯುತ್ತದೆ, ಬೇರೆ ಅಂಗಗಳಿಗೆ ಹರಡುವುದು ಬಹಳ ಅಪರೂಪ, ಆದರೆ ಮೂಗು, ಕಣ್ಣಿನ ರೆಪ್ಪೆಗಳನ್ನು ಇದ್ದಲ್ಲಿಯೇ ತಿಂದುಹಾಕಬಲ್ಲದು. ಅದಕ್ಕೂ ಮೇಲಿನ ಕೋಶಗಳಲ್ಲಿ ಹುಟ್ಟುವುದು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ. ಇದು ಕೆಲವೊಮ್ಮೆ ಕುತ್ತಿಗೆ, ಕಂಕುಳು, ತೊಡೆಸಂದಿನ ಗ್ರಂಥಿಗಳಿಗೆ ಹರಡುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವುದು ಮೆಲನೋಮಾ. ಮೂರರಲ್ಲಿ ಅಪರೂಪದ್ದೂ ಇದೇ, ಹೆಚ್ಚು ಮಾರಕವಾದದ್ದೂ ಇದೇ.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿರುತ್ತವೆ. ಅವು ಚರ್ಮದ ಕೋಶದೊಳಗಿನ ಡಿ.ಎನ್.ಎ. ಎಳೆಗೆ ಪೆಟ್ಟು ಕೊಡುತ್ತವೆ. ಕೋಶ ಆ ಪೆಟ್ಟನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಸರಿಪಡಿಸಲಾಗದೆ ಉಳಿದ ದೋಷಗಳು ವರ್ಷಗಟ್ಟಲೆ ಒಂದರ ಮೇಲೊಂದು ಕೂಡುತ್ತ ಹೋಗುತ್ತವೆ. ಹಾಗೆ ಕೆಟ್ಟುಹೋದ ಕೋಶಗಳನ್ನು ಗುರುತಿಸಿ ನಾಶಪಡಿಸುವ ರಕ್ಷಣಾ ಕೋಶಗಳೂ ಚರ್ಮದಲ್ಲಿವೆ. ನೇರಳಾತೀತ ಕಿರಣಗಳು ಅವುಗಳ ಶಕ್ತಿಯನ್ನೂ ಕುಂದಿಸುತ್ತವೆ. ಕಳ್ಳನೂ ಇವನೇ, ಕಾವಲುಗಾರನಿಗೆ ಮಂಪರು ಬರಿಸುವವನೂ ಇವನೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸೂರ್ಯಕಿರಣವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಕಾರಣಗಳ ಮೊದಲ ಗುಂಪಿಗೆ ಸೇರಿಸಿದ್ದು 1992ರಲ್ಲಿ.

ನಮ್ಮ ಸುಶ್ರುತ ಸಂಹಿತೆಯ ಶಾರೀರ ಸ್ಥಾನವು ಚರ್ಮದಲ್ಲಿ ಏಳು ಪದರಗಳನ್ನು ಹೇಳುತ್ತದೆ. ಎಳ್ಳಿನಂತಹ ಕಪ್ಪು ಮಚ್ಚೆಯಾದ ತಿಲಕಾಲಕಕ್ಕೆ ‘ಲೋಹಿತಾ’ ಎಂಬ ಎರಡನೆಯ ಪದರವೂ, ಅರ್ಬುದಕ್ಕೆ ‘ರೋಹಿಣೀ’ ಎಂಬ ಆರನೆಯ ಪದರವೂ ಆಶ್ರಯವೆಂದು ಅಲ್ಲಿದೆ. ಮಚ್ಚೆ ಮೇಲಿನದು, ಅರ್ಬುದ ಆಳದ್ದು ಎಂಬ ಆ ವಿಂಗಡಣೆ ಇಂದಿನ ವೈದ್ಯರಿಗೂ ಒಪ್ಪಿಗೆಯಾಗುವಂಥದು. ಮೆಲನೋಮಾ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬುದರ ಮೇಲೆಯೇ ರೋಗಿಯ ಭವಿಷ್ಯವನ್ನು ಇಂದು ಅಳೆಯುತ್ತಾರೆ. ಆದರೆ ಬಿಸಿಲಿನಿಂದ ಅರ್ಬುದ ಹುಟ್ಟುತ್ತದೆ ಎಂಬ ಮಾತನ್ನು ಪ್ರಾಚೀನರ ಬಾಯಲ್ಲಿ ಬಲವಂತವಾಗಿ ಹೊರಡಿಸುವುದು ನನಗೆ ಒಪ್ಪಿಗೆಯಿಲ್ಲ. ಕಪ್ಪು ಮೈಯ ಜನರ ನಡುವೆ ವೈದ್ಯ ಮಾಡಿದವರಿಗೆ ಅದು ಕಂಡಿರಲಾರದು.

ಆಸ್ಟ್ರೇಲಿಯದಲ್ಲಿ ಕಂಡದ್ದು

ಅದು ಕಂಡದ್ದು ಬಿಳಿಯ ಜನರು ಬಿಸಿಲಿನ ನಾಡಿಗೆ ಹೋಗಿ ನೆಲೆಸಿದಾಗ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಇರುವಷ್ಟು ಚರ್ಮದ ಕ್ಯಾನ್ಸರ್ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಮಳೆ ಮೋಡದ ಬ್ರಿಟನ್, ಐರ್ಲೆಂಡುಗಳಿಗೆ ಹೊಂದಿಕೊಂಡ ಚರ್ಮವನ್ನು ಹೊತ್ತುಕೊಂಡು ಹೋದವರು ಅಲ್ಲಿ ಕುರಿ ಕಾಯ್ದರು, ಗೋಧಿ ಬೆಳೆದರು, ಕಡಲ ದಂಡೆಯಲ್ಲಿ ಮೈ ಕಾಯಿಸಿಕೊಂಡರು. ಅವರ ಮೂರನೆಯ ನಾಲ್ಕನೆಯ ತಲೆಮಾರು ಅದರ ಬೆಲೆ ತೆರುತ್ತಿದೆ. 1981ರಲ್ಲಿ ವಿಕ್ಟೋರಿಯ ರಾಜ್ಯದಲ್ಲಿ ಕಡಲಹಕ್ಕಿಯ ಚಿತ್ರವೊಂದನ್ನು ಮುಂದಿಟ್ಟುಕೊಂಡು ‘ಅಂಗಿ ತೊಡಿ, ಲೇಪ ಹಚ್ಚಿ, ಟೋಪಿ ಹಾಕಿ’ ಎಂಬ ಪ್ರಚಾರ ಆರಂಭವಾಯಿತು. ಅಲ್ಲಿನ ಮಕ್ಕಳು ಅದನ್ನು ಮಗ್ಗಿಯಂತೆ ಕಲಿತರು.

ಇಂತಹ ದೇಶಗಳ ಲೆಕ್ಕದಲ್ಲಿ ಸ್ತ್ರೀ ಪುರುಷರ ಅಂತರ ನಿಚ್ಚಳವಾಗಿ ಕಾಣುತ್ತದೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ 25 ಸಾವಿರ ಜನರಲ್ಲಿ ಮೆಲನೋಮಾ ಹೊಸದಾಗಿ ಪತ್ತೆಯಾಯಿತು. ಅವರಲ್ಲಿ ಸುಮಾರು 1 ಲಕ್ಷ 74 ಸಾವಿರ ಪುರುಷರು, 1 ಲಕ್ಷ 51 ಸಾವಿರ ಸ್ತ್ರೀಯರು. ಈ ಒಟ್ಟು ಲೆಕ್ಕಕ್ಕಿಂತ ವಯಸ್ಸಿನ ಲೆಕ್ಕ ಹೆಚ್ಚು ಮಾತನಾಡುತ್ತದೆ. ಅಮೆರಿಕದಲ್ಲಿ ಐವತ್ತರ ಒಳಗೆ ಸ್ತ್ರೀಯರಲ್ಲಿಯೇ ಮೆಲನೋಮಾ ಹೆಚ್ಚು. ಐವತ್ತು ದಾಟಿದ ಮೇಲೆ ತಕ್ಕಡಿ ಮಗುಚಿಕೊಳ್ಳುತ್ತದೆ. ಅರವತ್ತೈದರ ಹೊತ್ತಿಗೆ ಪುರುಷರಲ್ಲಿ ಎರಡು ಪಟ್ಟು, ಎಂಬತ್ತರ ಹೊತ್ತಿಗೆ ಮೂರು ಪಟ್ಟು. ಸ್ಕ್ವಾಮಸ್ ಮತ್ತು ಬೇಸಲ್ ಬಗೆಗಳೂ ಆ ಬಿಳಿಯ ಜನರಲ್ಲಿ ಪುರುಷರಿಗೇ ಹೆಚ್ಚು.

ಸುಲಭವಾಗಿ ಹೊಳೆಯುವ ಕಾರಣ ನಡವಳಿಕೆ. ಹೊಲ, ರಸ್ತೆ, ಕಟ್ಟಡ, ಮೀನುಗಾರಿಕೆಯ ದೋಣಿ ಎಲ್ಲೆಡೆಯೂ ಪುರುಷರು ಹೆಚ್ಚು, ಅಂಗಿ ಕಳಚುವವರೂ ಅವರೇ. ಮೆಲನೋಮಾ ಪುರುಷರಲ್ಲಿ ಬೆನ್ನಿನ ಮೇಲೆ, ಸ್ತ್ರೀಯರಲ್ಲಿ ಮೊಣಕಾಲಿನ ಕೆಳಗೆ ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಇದಕ್ಕೆ ಸಾಕ್ಷಿ. ಅವನು ಅಂಗಿಯಿಲ್ಲದೆ ದುಡಿದ, ಅವಳು ಲಂಗ ತೊಟ್ಟು ನಡೆದಳು. ಕಿರಿಯ ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚಾಗಿರುವುದಕ್ಕೂ ನಡವಳಿಕೆಯ ಕಾರಣವೊಂದಿದೆ. ಮೈಬಣ್ಣ ಕಂದಾಗಲೆಂದು ಹಣ ಕೊಟ್ಟು ಕೃತಕ ನೇರಳಾತೀತ ದೀಪಗಳ ಕೆಳಗೆ ಮಲಗುವ ಗೀಳು ಅಲ್ಲಿನ ಯುವತಿಯರಿಗೆ ಹತ್ತಿತ್ತು. 2009ರಲ್ಲಿ ಆ ದೀಪದ ಹಾಸಿಗೆಗಳನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಲಾಯಿತು. ಬ್ರೆಜಿಲ್ ಅದೇ ವರ್ಷ ಅವುಗಳನ್ನು ನಿಷೇಧಿಸಿತು, ಆಸ್ಟ್ರೇಲಿಯವೂ ಅನಂತರ ವ್ಯಾಪಾರಕ್ಕಿಟ್ಟ ಹಾಸಿಗೆಗಳನ್ನು ನಿಲ್ಲಿಸಿತು. ನಮ್ಮಲ್ಲಿ ಬೆಳ್ಳಗಾಗುವ ಮುಲಾಮಿಗೆ ಹಣ ಸುರಿಯುತ್ತಾರೆ, ಅಲ್ಲಿ ಕಪ್ಪಾಗಲು. ಇದ್ದ ಬಣ್ಣದಲ್ಲಿ ನೆಮ್ಮದಿ ಎಲ್ಲಿಯೂ ಇದ್ದಂತಿಲ್ಲ.

ನಡವಳಿಕೆಯೊಂದೇ ಕಾರಣವಾಗಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ರೋಗ ಬಂದ ಮೇಲೂ ಸ್ತ್ರೀ ಪುರುಷರ ದಾರಿ ಬೇರೆಯಾಗುತ್ತದೆ. ಯುರೋಪಿನ ನಾಲ್ಕು ದೊಡ್ಡ ಚಿಕಿತ್ಸಾ ಪರೀಕ್ಷೆಗಳಲ್ಲಿ ಭಾಗವಹಿಸಿದ್ದ ಎರಡೂವರೆ ಸಾವಿರಕ್ಕೂ ಹೆಚ್ಚು ಮೆಲನೋಮಾ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದರು. ಗೆಡ್ಡೆಯ ಆಳ, ಇರುವ ಜಾಗ, ವಯಸ್ಸು ಮುಂತಾದವುಗಳನ್ನೆಲ್ಲ ಸರಿದೂಗಿಸಿ ಲೆಕ್ಕ ಹಾಕಿದರೂ ರೋಗ ಮರುಕಳಿಸುವ ಮತ್ತು ಸಾಯುವ ಸಂಭವ ಸ್ತ್ರೀಯರಲ್ಲಿ ಶೇಕಡಾ 30ರಷ್ಟು ಕಡಿಮೆ ಇತ್ತು. ತಡವಾಗಿ ಬಂದ ಎಂಬ ಕಾರಣದಿಂದ ಪುರುಷ ಸಾಯುವುದುಂಟು. ಹೊತ್ತಿಗೆ ಸರಿಯಾಗಿ ಬಂದವನೂ ಅವಳಿಗಿಂತ ಹಿಂದೆ ಬೀಳುತ್ತಾನೆ ಎಂದರೆ ಶರೀರದೊಳಗೇ ಏನೋ ಇದೆ ಎಂದಾಯಿತು.

ಶರೀರದೊಳಗಿನ ಕಾರಣ

ಇದನ್ನು ನೇರವಾಗಿ ಪರೀಕ್ಷಿಸಿದವರಿದ್ದಾರೆ. ಕ್ಷಯರೋಗದ ತಪಾಸಣೆಗಾಗಿ ಮುಂಗೈಗೆ ಚುಚ್ಚಿ ಮೂರನೆಯ ದಿನ ಬಾವು ಅಳೆಯುವ ಮಾಂಟೂ ಪರೀಕ್ಷೆ ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತು. ಆ ಬಾವು ಶರೀರದ ರಕ್ಷಣಾಶಕ್ತಿ ಎಚ್ಚರವಾಗಿದೆ ಎಂಬುದರ ಗುರುತು. ಸಿಡ್ನಿಯ ಸಂಶೋಧಕರು ಆರೋಗ್ಯವಂತ ಸ್ತ್ರೀ ಪುರುಷರ ಚರ್ಮದ ಮೇಲೆ ಸೂರ್ಯನ ಬೆಳಕನ್ನು ಹೋಲುವ ದೀಪದಿಂದ ಬೇರೆಬೇರೆ ಪ್ರಮಾಣದಲ್ಲಿ ಕಿರಣ ಹಾಯಿಸಿ, ಆ ಜಾಗದಲ್ಲಿಯೂ ಕಿರಣ ತಾಗದ ಜಾಗದಲ್ಲಿಯೂ ಮಾಂಟೂ ಚುಚ್ಚಿ, ಬಾವು ಎಷ್ಟು ಕುಗ್ಗುತ್ತದೆ ಎಂದು ಅಳೆದರು. ಸ್ತ್ರೀಯರ ಚರ್ಮದ ರಕ್ಷಣಾಶಕ್ತಿ ಕುಗ್ಗಲು ಬೇಕಾದ ಪ್ರಮಾಣದ ಮೂರನೆಯ ಒಂದು ಭಾಗವೇ ಪುರುಷರಲ್ಲಿ ಅಷ್ಟು ಕೆಡುಕು ಮಾಡಲು ಸಾಕಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶ ಇದು. ಹೊಲದಲ್ಲಿ ಜೊತೆಯಾಗಿ ಕಳೆ ತೆಗೆಯುವ ದಂಪತಿಗಳಿಗೆ ಇದನ್ನು ಅನ್ವಯಿಸಿ ನೋಡಿ. ಹೆಂಡತಿಯ ಚರ್ಮದ ಕಾವಲುಗಾರ ಇನ್ನೂ ಎದ್ದು ಕುಳಿತಿರುವಾಗ ಗಂಡನ ಕಾವಲುಗಾರ ತೂಕಡಿಸಲು ಶುರುಮಾಡಿರುತ್ತಾನೆ. ಅವರಿಬ್ಬರ ಮೈಬಣ್ಣ ಅಲ್ಲಿನವರಿಗಿಂತ ಕಪ್ಪಾದ್ದರಿಂದ ಪ್ರಮಾಣ ಬೇರೆ ಇರುತ್ತದೆ, ಅಷ್ಟೆ.

ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕೂದಲಿಲ್ಲದ ಇಲಿಗಳ ಮೇಲೆ ನಡೆದ ಪ್ರಯೋಗ ಇನ್ನೊಂದು. 2007ರಲ್ಲಿ ಹೊರಬಂದ ಆ ವರದಿಯ ಪ್ರಕಾರ, ಗಂಡು ಹೆಣ್ಣು ಇಲಿಗಳಿಗೆ ಒಂದೇ ಪ್ರಮಾಣದ ನೇರಳಾತೀತ ಕಿರಣ ಕೊಟ್ಟಾಗ ಗಂಡು ಇಲಿಗಳಲ್ಲಿ ಗೆಡ್ಡೆಗಳು ಬೇಗ ಹುಟ್ಟಿದವು, ಹೆಚ್ಚು ಹುಟ್ಟಿದವು, ದೊಡ್ಡದಾಗಿ ಬೆಳೆದವು. ಸೋಜಿಗದ ಸಂಗತಿಯೆಂದರೆ ಕಿರಣ ತಾಗಿದಾಗ ಕೆಂಪೇರಿ ಊದಿಕೊಂಡದ್ದು ಹೆಣ್ಣು ಇಲಿಗಳ ಚರ್ಮ. ಗಂಡು ಇಲಿಗಳ ಚರ್ಮ ಮೇಲುನೋಟಕ್ಕೆ ಅಷ್ಟಾಗಿ ನೊಂದಿರಲಿಲ್ಲ, ಆದರೆ ಒಳಗೆ ಡಿ.ಎನ್.ಎ.ಗೆ ಆದ ಹಾನಿ ಅವುಗಳಲ್ಲಿಯೇ ಹೆಚ್ಚು. ಉರಿಯನ್ನು ಶಮನಗೊಳಿಸುವ ಉತ್ಕರ್ಷಣ ನಿರೋಧಕ ಅಂಶಗಳ ಸಂಗ್ರಹ ಅವುಗಳ ಚರ್ಮದಲ್ಲಿ ಕಡಿಮೆಯಿತ್ತು. ‘ನನಗೆ ಬಿಸಿಲು ಹತ್ತುವುದೇ ಇಲ್ಲ’ ಎಂದು ಬೀಗುವ ಗಂಡಸರು ಈ ಇಲಿಗಳ ಕಥೆಯನ್ನು ಕೇಳಬೇಕು. ಚರ್ಮ ಕೆಂಪಾಗಲಿಲ್ಲ ಎಂದರೆ ಒಳಗೆ ಏನೂ ಆಗಿಲ್ಲವೆಂದು ಅರ್ಥವಲ್ಲ.

ಸ್ತ್ರೀ ಹಾರ್ಮೋನಾದ ಈಸ್ಟ್ರೋಜೆನ್ ಬಣ್ಣದ ಕೋಶಗಳ ಮೇಲಿನ ಒಂದು ಗ್ರಾಹಕವನ್ನು ಪ್ರಚೋದಿಸಿದಾಗ ಮೆಲನೋಮಾದ ಬೆಳವಣಿಗೆ ತಗ್ಗುವುದನ್ನು ಇಲಿಗಳಲ್ಲಿ ತೋರಿಸಿದ್ದಾರೆ. ಸ್ತ್ರೀಯರಲ್ಲಿ ಎಕ್ಸ್ ವರ್ಣತಂತು ಎರಡಿರುವುದೂ ಒಂದು ಅನುಕೂಲ. ಗೆಡ್ಡೆ ಬೆಳೆಯದಂತೆ ತಡೆಯುವ ಕೆಲವು ಜೀನುಗಳು ಅದರಲ್ಲಿದ್ದು, ಒಂದು ಪ್ರತಿ ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತದೆ. ಗಂಡಿಗೆ ಇರುವುದು ಒಂದೇ ಪ್ರತಿ. ಇವೆಲ್ಲ ಇನ್ನೂ ಸಂಶೋಧನೆಯ ಹಂತದಲ್ಲಿರುವುದರಿಂದ ಇವುಗಳನ್ನು ನೆಚ್ಚಿ ಯಾರೂ ಹಾರ್ಮೋನ್ ಗುಳಿಗೆ ನುಂಗುವಂತಿಲ್ಲ.

ನಮ್ಮ ಕಪ್ಪು ಚರ್ಮದ ಮಾತು

‘ಇದೆಲ್ಲ ಬಿಳಿಯರ ಪಾಡು, ನಮಗೇನು?’ ಎಂಬ ಪ್ರಶ್ನೆ ಸಹಜ. ನಮ್ಮ ಚರ್ಮದಲ್ಲಿರುವ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವು ಹುಟ್ಟಿನಿಂದಲೇ ಮೈಮೇಲೆ ಹಿಡಿದ ಕೊಡೆಯಂತೆ. ಭಾರತದಲ್ಲಿ ಕಂಡುಬರುವ ಒಟ್ಟು ಕ್ಯಾನ್ಸರುಗಳಲ್ಲಿ ಚರ್ಮದ್ದು ನೂರಕ್ಕೆ ಒಂದೆರಡು ಮಾತ್ರ. ಬಿಸಿಲನ್ನು ಕಂಡರೆ ಓಡಬೇಕಾದ ಅಗತ್ಯ ನಮಗಿಲ್ಲ. ಡಿ ಜೀವಸತ್ವದ ಕೊರತೆಯಿಂದ ಮೂಳೆನೋವು ಎಂದು ಬರುವ ಸ್ತ್ರೀಯರನ್ನು ದಿನವೂ ನೋಡುವ ನಾನು ಅಂಥ ಸಲಹೆ ಕೊಡಲಾರೆ. ಸ್ತ್ರೀ ಪುರುಷರ ಲೆಕ್ಕವೂ ನಮ್ಮಲ್ಲಿ ಸ್ವಲ್ಪ ಬೇರೆ. ಬೇಸಲ್ ಬಗೆಯ ಕ್ಯಾನ್ಸರ್ ನಮ್ಮ ದೇಶದ ಕೆಲವು ಆಸ್ಪತ್ರೆಗಳ ವರದಿಗಳಲ್ಲಿ ಪುರುಷರಿಗಿಂತ ಸ್ತ್ರೀಯರಲ್ಲಿಯೇ ಹೆಚ್ಚಾಗಿ ಕಂಡಿದೆ. ಮೂಗಿನ ಪಕ್ಕದಲ್ಲಿ, ಕಣ್ಣಿನ ಕೆಳಗೆ ಮುತ್ತಿನಂತೆ ಹೊಳೆಯುವ, ನಡುವೆ ಕುಳಿಬಿದ್ದ, ಕಪ್ಪು ಛಾಯೆಯ ಗುಳ್ಳೆಯನ್ನು ಮಚ್ಚೆಯೆಂದು ತಾಯಂದಿರು ಉಪೇಕ್ಷಿಸಬಾರದು.

ಆದರೆ ಕಪ್ಪು ಚರ್ಮದಲ್ಲಿಯೂ ಬಿಸಿಲು ಪುರುಷನನ್ನು ಹೆಚ್ಚಾಗಿ ಕಾಡುವ ಸಂದರ್ಭ ನಮ್ಮ ನೆರೆಯಲ್ಲಿಯೇ ಇದೆ. ಬಾಂಗ್ಲಾದೇಶದ ಕೊಳವೆ ಬಾವಿಗಳ ನೀರಿನಲ್ಲಿ ಆರ್ಸೆನಿಕ್ ಎಂಬ ಪಾಷಾಣ ಬೆರೆತಿದೆ. ಅದನ್ನು ವರ್ಷಗಟ್ಟಲೆ ಕುಡಿದವರ ಅಂಗೈ ಅಂಗಾಲು ಗಂಟುಗಂಟಾಗಿ ಒರಟಾಗುತ್ತದೆ, ಎದೆ ಬೆನ್ನುಗಳ ಮೇಲೆ ಮಳೆಹನಿ ಬಿದ್ದಂತೆ ಕಲೆಗಳೇಳುತ್ತವೆ, ಕೆಲವರಲ್ಲಿ ಅವು ಕ್ಯಾನ್ಸರಿಗೆ ತಿರುಗುತ್ತವೆ. ಒಂದೇ ಬಾವಿಯ ನೀರು ಕುಡಿದರೂ ಈ ಗಾಯಗಳು ಪುರುಷರಲ್ಲಿ ಹೆಚ್ಚು. ಸ್ತ್ರೀಯರ ಶರೀರವು ಆರ್ಸೆನಿಕ್ಕನ್ನು ಮಾರ್ಪಡಿಸಿ ಹೊರಹಾಕುವುದರಲ್ಲಿ ಹೆಚ್ಚು ಸಮರ್ಥವಾದದ್ದು ಒಂದು ಕಾರಣ. ಬಿಸಿಲು ಇನ್ನೊಂದು: ಅರೈಹಜಾರ್ ಪ್ರದೇಶದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಪರೀತ ಬಿಸಿಲಿಗೆ ಮೈಯೊಡ್ಡಿದ ಪುರುಷರಲ್ಲಿ ಅಷ್ಟೇ ಆರ್ಸೆನಿಕ್ಕಿನಿಂದ ಹೆಚ್ಚು ಗಾಯಗಳಾಗಿದ್ದವು. ಹೊಗೆಸೊಪ್ಪು ಸೇದುವವರ ಪಾಡೂ ಹಾಗೆಯೇ.

ಇದು ನೆರೆದೇಶದ ಕಥೆಯೆಂದು ಬಿಡುವಂತಿಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನಲ್ಲಿ ಮಂಗಳೂರು ಎಂಬ ಊರಿದೆ (ಕರಾವಳಿಯ ಮಂಗಳೂರಲ್ಲ). ಅಲ್ಲಿ ಹಿಂದೆ ಚಿನ್ನದ ಗಣಿಯಿತ್ತು. ಆ ಗಣಿಯ ಆಸುಪಾಸಿನ ಕಿರದಳ್ಳಿ ತಾಂಡಾದ ನೀರು ಮಣ್ಣುಗಳಲ್ಲಿ ಆರ್ಸೆನಿಕ್ ಸೇರಿರುವುದನ್ನೂ, ಪರೀಕ್ಷೆಗೊಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದಲ್ಲಿ ಅದರ ಗುರುತುಗಳಿರುವುದನ್ನೂ 2013ರಲ್ಲಿ ಪ್ರಕಟವಾದ ವರದಿ ದಾಖಲಿಸಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಮಿಗಿಂತ ಹೆಚ್ಚು ಆರ್ಸೆನಿಕ್ ಇರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಹಳೆಯ ಚಿನ್ನದ ಗಣಿಗಳ ಸುತ್ತಲಿನ ಹಳ್ಳಿಗಳಲ್ಲಿ ಇರುವ ಭಕ್ತರು ತಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದು ಲೇಸು. ಕುದಿಸಿದರೆ ಈ ವಿಷ ಹೋಗುವುದಿಲ್ಲ.

ಆಯುರ್ವೇದ ವೈದ್ಯನಾಗಿ ಇನ್ನೊಂದು ಮಾತನ್ನು ನಾನು ಹೇಳಲೇಬೇಕು. ತೊನ್ನಿಗೆ, ಅಂದರೆ ಬಿಳಿ ಚುಕ್ಕೆಗಳಿಗೆ ಬಾಕುಚಿ ಬೀಜ (ಬಾವಂಚಿ) ಹಚ್ಚಿ ಬಿಸಿಲಿಗೆ ಕೂರಿಸುವುದು ನಮ್ಮ ಪ್ರಾಚೀನ ಚಿಕಿತ್ಸೆ. ಆ ಬೀಜದಲ್ಲಿರುವ ಸೊರಾಲೆನ್ ಅಂಶವು ಚರ್ಮವನ್ನು ಬಿಸಿಲಿಗೆ ಹಲವು ಪಟ್ಟು ಸೂಕ್ಷ್ಮಗೊಳಿಸುತ್ತದೆ. ಇದೇ ತತ್ತ್ವದ ಮೇಲೆ ಪಾಶ್ಚಾತ್ಯರು ಸೊರಾಲೆನ್ ಕೊಟ್ಟು ದೀಪದ ಕಿರಣ ಹಾಯಿಸುವ ಚಿಕಿತ್ಸೆ ರೂಪಿಸಿದರು. ಅಮೆರಿಕದಲ್ಲಿ ಸೋರಿಯಾಸಿಸ್‌ಗಾಗಿ ಆ ಚಿಕಿತ್ಸೆ ಪಡೆದ ಸುಮಾರು 900 ಪುರುಷರನ್ನು ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಗಮನಿಸಿದಾಗ ಅವರಲ್ಲಿ ಕೆಲವರ ಜನನಾಂಗದ ಚರ್ಮದ ಮೇಲೆ ಕ್ಯಾನ್ಸರ್ ಕಂಡಿತು. ಬೇರೆ ಜಾಗಗಳಿಗಿಂತ ಆ ಭಾಗಕ್ಕೇ ಅಪಾಯ ಬಹಳ ಹೆಚ್ಚೆಂದು 1990ರಲ್ಲಿ ಗೊತ್ತಾಗಿ, ಅದನ್ನು ಮುಚ್ಚಿಯೇ ಕಿರಣ ಕೊಡಬೇಕೆಂಬ ಕಟ್ಟುನಿಟ್ಟು ಬಂತು. ಅವರು ಬಿಳಿಯ ರೋಗಿಗಳು, ನಮ್ಮವರಲ್ಲಿ ಅಪಾಯ ಅಷ್ಟಿಲ್ಲ. ಆದರೂ ಪತ್ರಿಕೆಯ ಜಾಹೀರಾತು ನೋಡಿ ಬಾಕುಚಿ ಎಣ್ಣೆ ತರಿಸಿ, ಮಾಳಿಗೆಯ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಮೈಯೆಲ್ಲ ಬಿಚ್ಚಿ ಕೂರುವ ಗಂಡು ಮಕ್ಕಳಿದ್ದಾರೆ. ಬೊಬ್ಬೆ ಎದ್ದು ಬಂದವರನ್ನು ನಾನು ಕಂಡಿದ್ದೇನೆ. ಬಾಕುಚಿ ಒಳ್ಳೆಯ ಔಷಧ. ವೈದ್ಯನ ಕಣ್ಣಳತೆಯಲ್ಲಿ, ನಿಮಿಷಗಳ ಲೆಕ್ಕದಲ್ಲಿ, ಕಲೆಯಿರುವ ಜಾಗಕ್ಕಷ್ಟೇ ಅದು ಸಲ್ಲಬೇಕು.

ಇನ್ನು ಬಿಸಿಲಿನ ಹಂಗೇ ಇಲ್ಲದೆ ನಮ್ಮವರಲ್ಲಿ ಬರುವ ಚರ್ಮದ ಕ್ಯಾನ್ಸರುಗಳಿವೆ. ಬಿಗಿಯಾಗಿ ಧೋತರ ಉಡುವ ಪುರುಷರ ಸೊಂಟದಲ್ಲಿ ಹುಟ್ಟುವ ಕ್ಯಾನ್ಸರನ್ನು ಮುಂಬಯಿಯ ವಿ. ಆರ್. ಖಾನೋಲ್ಕರ್ ಮತ್ತು ಅವರ ಸಹೋದ್ಯೋಗಿ 1945ರಲ್ಲಿಯೇ ವರ್ಣಿಸಿದ್ದರು. ಲಂಗದ ಲಾಡಿ ಉಜ್ಜಿ ಉಜ್ಜಿ ಹುಣ್ಣಾಗಿ ಕ್ಯಾನ್ಸರಿಗೆ ತಿರುಗಿದ ಇಬ್ಬರು ವೃದ್ಧೆಯರ ವೃತ್ತಾಂತವನ್ನು ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು 2024ರಲ್ಲಿ ಪ್ರಕಟಿಸಿದ್ದಾರೆ. ಲಾಡಿಯ ಬದಲು ಅಗಲ ಪಟ್ಟಿಯಿದ್ದರೆ, ಕಟ್ಟುವ ಜಾಗವನ್ನು ಆಗಾಗ ಬದಲಿಸಿದರೆ ಚರ್ಮ ಉಳಿಯುತ್ತದೆ. ಮೆಲನೋಮಾ ನಮ್ಮ ಜನರಲ್ಲಿ ಬಂದರೆ ಬಹುತೇಕ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿ 1981ರಲ್ಲಿ 36ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನ ಕೆಳಗೆ ಹುಟ್ಟಿದ ಮೆಲನೋಮಾದಿಂದ. ಶ್ರೀಶೈಲಕ್ಕೆ ಪಾದಯಾತ್ರೆ ಮಾಡಿ ಬಂದವರು ಬೊಬ್ಬೆ, ಮುಳ್ಳಿನ ಗಾಯಗಳಿಗೆ ಉಪಚಾರ ಮಾಡಿಕೊಳ್ಳುವಾಗ ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳಿರಿ. ಪೆಟ್ಟು ಬಿದ್ದ ನೆನಪಿಲ್ಲದ, ತಿಂಗಳಾದರೂ ಮಾಸದ, ಅಂಚು ಹಬ್ಬುತ್ತಿರುವ ಕಪ್ಪು ಕಲೆಯಿದ್ದರೆ ಅದು ಕಲ್ಲು ಚುಚ್ಚಿದ ಗುರುತಲ್ಲ.

ಗುಣವಾಗದ ಹುಣ್ಣು

ನಾಲ್ಕು ವರ್ಷಗಳ ಹಿಂದೆ ಅರವತ್ತು ದಾಟಿದ ರೈತರೊಬ್ಬರನ್ನು ಅವರ ಪತ್ನಿ ನನ್ನಲ್ಲಿಗೆ ಕರೆತಂದರು. ಕೆಳದುಟಿಯ ಮೇಲೆ ಹುರುಳಿ ಕಾಳಿನಷ್ಟು ಹುಣ್ಣು, ಮೇಲೆ ಹೊಪ್ಪಳೆ. “ಬಿಸಲಿಗೆ ತುಟಿ ಒಡದೈತ್ರಿ, ಅಷ್ಟ” ಎಂದರು ಅವರು. “ಎಂಟು ತಿಂಗಳಾತ್ರಿ ಹೇಳಾಕತ್ತು, ಕೇಳವಲ್ರು” ಎಂದರು ಆ ತಾಯಿ. ಅವರು ಬೆಣ್ಣೆ ಹಚ್ಚಿದ್ದರು, ಅರಿಶಿನ ಹಚ್ಚಿದ್ದರು, ಯಾರೋ ಕೊಟ್ಟ ಸೊಪ್ಪಿನ ರಸ ಹಚ್ಚಿದ್ದರು, ಬೀಡಿ ಮಾತ್ರ ಬಿಟ್ಟಿರಲಿಲ್ಲ. ಬೆರಳಿನಿಂದ ಮುಟ್ಟಿದಾಗ ಹುಣ್ಣಿನ ಬುಡ ಗಟ್ಟಿಯಾಗಿತ್ತು. ನಾನು ಯಾವ ಲೇಪವನ್ನೂ ಕೊಡದೆ ಹುಬ್ಬಳ್ಳಿಗೆ ಚೀಟಿ ಬರೆದೆ. ಸ್ಕ್ವಾಮಸ್ ಕ್ಯಾನ್ಸರ್ ಎಂದು ವರದಿ ಬಂತು, ಶಸ್ತ್ರಚಿಕಿತ್ಸೆಯಾಯಿತು, ಗ್ರಂಥಿಗೆ ಹರಡಿರಲಿಲ್ಲ. ಕೆಳದುಟಿ ಬಿಸಿಲಿಗೆ ಮೇಲ್ಮುಖವಾಗಿ ಚಾಚಿಕೊಂಡಿರುತ್ತದೆ. ಅಲ್ಲಿ ಬರುವ ಈ ಕ್ಯಾನ್ಸರ್ ಬಹುತೇಕ ದೇಶಗಳಲ್ಲಿ ಪುರುಷರಲ್ಲಿಯೇ ಹೆಚ್ಚು.

ವೈದ್ಯಮಿತ್ರರಿಗೂ ಇಲ್ಲಿ ಒಂದು ಮಾತು. ಅರ್ಬುದವನ್ನು ಸ್ವಲ್ಪವೂ ಉಳಿಸದೆ ತೆಗೆಯಬೇಕು, ಉಳಿದದ್ದು ಮತ್ತೆ ಬೆಳೆದು ಕೊಲ್ಲುತ್ತದೆ ಎಂದು ಸುಶ್ರುತನೇ ಚಿಕಿತ್ಸಾ ಸ್ಥಾನದಲ್ಲಿ ಎಚ್ಚರಿಸಿದ್ದಾನೆ. ಆತನ ಹೆಸರು ಹೇಳಿಕೊಂಡು ಗಟ್ಟಿ ಬುಡದ ಹುಣ್ಣಿನ ಮೇಲೆ ತಿಂಗಳುಗಟ್ಟಲೆ ಲೇಪ ಹಾಕುತ್ತ ಕೂರುವುದು ಶಾಸ್ತ್ರವೂ ಅಲ್ಲ, ದಯೆಯೂ ಅಲ್ಲ. ನಾಲ್ಕೈದು ವಾರದಲ್ಲಿ ಮಾಯದ ಹುಣ್ಣು, ಮತ್ತೆ ಮತ್ತೆ ಹೊಪ್ಪಳೆಗಟ್ಟಿ ರಕ್ತ ಒಸರುವ ಜಾಗ, ಹಳೆಯ ಸುಟ್ಟ ಗಾಯದ ಕಲೆಯ ಮೇಲೆ ಎದ್ದ ಗಂಟು, ಅಂಕುಡೊಂಕು ಅಂಚಿನ, ಎರಡು ಮೂರು ಬಣ್ಣದ, ಬೆಳೆಯುತ್ತಿರುವ ಮಚ್ಚೆ ಇವುಗಳಲ್ಲಿ ಯಾವುದು ಕಂಡರೂ ಮೊದಲು ತುಣುಕು ಪರೀಕ್ಷೆ, ಆಮೇಲೆ ಔಷಧದ ಮಾತು. ಹುಟ್ಟಿನಿಂದ ಮೈ ಕೂದಲು ಬೆಳ್ಳಗಿರುವ ಮಕ್ಕಳಿಗೂ, ಮೂತ್ರಪಿಂಡ ಬದಲಿಸಿಕೊಂಡು ರಕ್ಷಣಾಶಕ್ತಿ ತಗ್ಗಿಸುವ ಗುಳಿಗೆ ಸೇವಿಸುವವರಿಗೂ ಮೇಲಿನ ಕಪ್ಪು ಕೊಡೆಯ ಭರವಸೆ ಅನ್ವಯಿಸುವುದಿಲ್ಲ. ಅವರು ಬಿಸಿಲಿನಿಂದ ಕಡ್ಡಾಯವಾಗಿ ಮೈ ಮುಚ್ಚಿಕೊಳ್ಳಬೇಕು.

ಉಳಿದವರಿಗೆ ಬೇಕಾದ ರಕ್ಷಣೆ ದುಬಾರಿಯದೇನಲ್ಲ. ಹೊಲದಲ್ಲಿ ಸೀರೆಯ ಮೇಲೆ ಗಂಡನ ಹಳೆಯ ತುಂಬುದೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿ ಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳು ಆಸ್ಟ್ರೇಲಿಯದವರು 1981ರಲ್ಲಿ ಹೇಳಿಕೊಟ್ಟದ್ದನ್ನು ಯಾರೂ ಹೇಳಿಕೊಡದೆಯೇ ಮಾಡುತ್ತಿದ್ದಾರೆ. ಗಂಡಸರು ಬನಿಯನ್ನಿನಲ್ಲಿ ದುಡಿಯುತ್ತಾರೆ. ಅಜ್ಜಂದಿರ ರುಮಾಲು ಕಿವಿ, ಹಿಂಗತ್ತು, ಹಣೆಗಳನ್ನು ಕಾಯುತ್ತಿತ್ತು. ಈಗಿನ ಕ್ರಿಕೆಟ್ ಟೋಪಿ ಹಣೆಯೊಂದನ್ನು ಕಾಯುತ್ತದೆ. ಆಸ್ಟ್ರೇಲಿಯ, ಅಮೆರಿಕಗಳಲ್ಲಿ ಮಕ್ಕಳಿರುವವರು ಕೇಳುವುದುಂಟು: ಅಲ್ಲಿನ ಸನ್‌ಸ್ಕ್ರೀನ್ ಲೇಪ ನಿಜವಾಗಿ ಉಪಯೋಗವೇ? ಕ್ವೀನ್ಸ್‌ಲೆಂಡಿನ ನ್ಯಾಂಬೂರ್ ಪಟ್ಟಣದಲ್ಲಿ 1992ರಿಂದ 1,621 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ನಾಲ್ಕೂವರೆ ವರ್ಷ ದಿನವೂ ಲೇಪ ಹಚ್ಚಿದವರಲ್ಲಿ ಸ್ಕ್ವಾಮಸ್ ಕ್ಯಾನ್ಸರ್ ಸುಮಾರು ಶೇಕಡಾ 40ರಷ್ಟು ತಗ್ಗಿತು. ಮುಂದಿನ ವರ್ಷಗಳಲ್ಲಿ ಮೆಲನೋಮಾ ಒಂದು ಗುಂಪಿನಲ್ಲಿ 22 ಜನರಿಗೆ ಬಂದರೆ ಲೇಪ ಹಚ್ಚಿದ ಗುಂಪಿನಲ್ಲಿ 11 ಜನರಿಗೆ ಬಂತು. ಅದು ಅಲ್ಲಿನ ಬಿಳಿಯರ ಲೆಕ್ಕ. ನಮ್ಮ ಮೈಬಣ್ಣದವರಿಗೆ ತುಂಬುದೋಳು, ಅಗಲ ಅಂಚಿನ ಟೋಪಿ, ಹನ್ನೊಂದರಿಂದ ಮೂರರವರೆಗೆ ನೆರಳು ಇಷ್ಟು ಮೊದಲು. ಲೇಪ ಅದರ ಮೇಲೆ.

ತನ್ನ ಬೆನ್ನನ್ನು ಪುರುಷ ತಾನೇ ನೋಡಿಕೊಳ್ಳಲಾರ. ಅದನ್ನು ಕಾಣುವವರು ಎಣ್ಣೆ ಹಚ್ಚಿ ನೀರೆರೆಯುವ ತಾಯಿ, ಹೆಂಡತಿ, ಮಗಳು. ಯುಗಾದಿಯ ಅಭ್ಯಂಗ ಸ್ನಾನದ ದಿನ ಮನೆಯ ಹಿರಿಯ ಗಂಡಸರ ಬೆನ್ನು, ಹಿಂಗತ್ತು, ಕಿವಿಯ ಅಂಚು, ಅಂಗಾಲುಗಳನ್ನು ಒಮ್ಮೆ ಹಗಲು ಬೆಳಕಿನಲ್ಲಿ ನೋಡಿರಿ. ಸಂಶಯ ಬಂದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ, ಕಲಬುರಗಿಯಲ್ಲಿರುವ ಅದರ ಶಾಖೆ ಇವೆ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿಯೂ ತೋರಿಸಬಹುದು. ತುಣುಕು ಪರೀಕ್ಷೆಯೆಂದರೆ ಆ ಜಾಗವನ್ನು ಮರಗಟ್ಟಿಸಿ ಅಕ್ಕಿಕಾಳಿನಷ್ಟು ಚರ್ಮ ತೆಗೆಯುವುದು. ಕಾಲು ಗಂಟೆಯ ಕೆಲಸ, ಅಂದೇ ಮನೆಗೆ ಹಿಂದಿರುಗಬಹುದು. ಗಂಟಿಗೆ ಕತ್ತಿ ತಾಗಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂದು ಹೆದರಿಸುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿರಿ.